ದಾರಿ ತೋರಿದವನು ಇಳಿದುಹೋದ

ವೃದ್ಧ ನಾವಿಕನೊಬ್ಬನು ಹಡಗಿನ ಮೆಟ್ಟಿಲುಗಳನ್ನು ಮೆಲ್ಲನೆ ಇಳಿಯುತ್ತಿದ್ದಾನೆ. ಮೇಲೆ, ಕಟಾಂಜನದ ಮೇಲೆ ತೋಳುಗಳನ್ನೂರಿ, ಕಿರೀಟಧಾರಿಯಾದ ತರುಣನೊಬ್ಬನು ನಿರಾತಂಕನಾಗಿ ನೋಡುತ್ತಿದ್ದಾನೆ. 1890ರ ಮಾರ್ಚ್ 29ರಂದು ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಪ್ರಕಟವಾದ ಈ ವ್ಯಂಗ್ಯಚಿತ್ರವನ್ನು ಬರೆದವನು ಜಾನ್ ಟೆನಿಯಲ್. ‘ಆಲಿಸ್’ ಕಥೆಗಳಿಗೆ ರೂಪುಕೊಟ್ಟ ಕಲಾವಿದನೂ ಆತನೇ. ತಾರುಣ್ಯದಲ್ಲಿ ಕತ್ತಿವರಸೆಯಾಡುವಾಗ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡಿದ್ದ ಆತನಿಗೆ ಆಗ ಎಪ್ಪತ್ತು ವರ್ಷ.

ಇಳಿಯುತ್ತಿರುವವನು ಬಿಸ್ಮಾರ್ಕ್, ಚದುರಿದ್ದ ಜರ್ಮನ್ ಸಂಸ್ಥಾನಗಳನ್ನು 1871ರಲ್ಲಿ ಒಂದು ಸಾಮ್ರಾಜ್ಯವಾಗಿ ಕಟ್ಟಿದವನು. ನೋಡುತ್ತಿರುವವನು ಮೂವತ್ತೊಂದರ ಹರೆಯದ ಚಕ್ರವರ್ತಿ, ಎರಡನೆಯ ವಿಲ್‌ಹೆಲ್ಮ್. ಆ ಮುದಿ ಮಂತ್ರಿಯಿಂದ ರಾಜೀನಾಮೆ ಪಡೆದು ಇನ್ನೂ ಎರಡು ವಾರ ಕಳೆದಿರಲಿಲ್ಲ.

ವ್ಯಂಗ್ಯಚಿತ್ರವೆಂದರೆ ಮೂಗನ್ನು ಹಿಗ್ಗಿಸಬೇಕು, ಹೊಟ್ಟೆಯನ್ನು ಉಬ್ಬಿಸಬೇಕು ಎಂಬುದು ಸಾಮಾನ್ಯರ ಎಣಿಕೆ. ಇಲ್ಲಿ ಅದಾವುದೂ ಇಲ್ಲ. ಹಡಗು ಬಂದರನ್ನು ದಾಟಿ ಕಡಲಿಗಿಳಿದ ಮೇಲೆ ದಾರಿ ತೋರಿದವನು ಇಳಿದುಹೋಗುವುದು ನಾವಿಕರ ವಾಡಿಕೆ. ಅಪಾಯದ ಎಡೆ ಹಿಂದಾಯಿತೆಂದು ತರುಣನು ನಂಬಿದ್ದಾನೆ. ವ್ಯಂಗ್ಯದ ಮೊನೆಯಿರುವುದು ಆ ನಂಬಿಕೆಯಲ್ಲಿ.

ಬಿಸ್ಮಾರ್ಕನೇನೂ ಸಾಧುಪುರುಷನಲ್ಲ, ಆದರೆ ಸುಳಿಗಳೆಲ್ಲಿವೆಯೆಂದು ಬಲ್ಲವನು. ರಷ್ಯದೊಡನೆ ಆತನು ಮಾಡಿಕೊಂಡಿದ್ದ ಗುಪ್ತ ಒಪ್ಪಂದವು ಅದೇ ವರ್ಷ ನವೀಕರಣವಾಗದೆ ಕೊನೆಗೊಂಡಿತು; 1894ರ ವೇಳೆಗೆ ರಷ್ಯವು ಫ್ರಾನ್ಸಿನ ಕೈಹಿಡಿದಿತ್ತು. ಬಿರುಗಾಳಿ ಎದ್ದದ್ದು 1914ರಲ್ಲಿ. 1918ರ ನವೆಂಬರಿನಲ್ಲಿ ಚಕ್ರವರ್ತಿಯೂ ಹಡಗನ್ನು ತೊರೆದು ಹಾಲೆಂಡಿನ ಆಶ್ರಯ ಬೇಡಿದನು. ಆತನು ಇಳಿದುಹೋದ ಬಗೆಯಲ್ಲಿ ಆ ವೃದ್ಧನ ಗಾಂಭೀರ್ಯವಿರಲಿಲ್ಲ.