ಇಂಗ್ಲಿಷ್ ಪಾಠದ ಕೊಠಡಿಯಿಂದ ಕನ್ನಡವನ್ನು ಹೊರಗಟ್ಟಿದವರು ಯಾರು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳ ನಡುವಿನಿಂದ ಪ್ರತಿವರ್ಷವೂ ನೂರಾರು ಮಂದಿ ತರುಣ ತರುಣಿಯರು ಪದವಿ ಕಾಲೇಜುಗಳ ಮೆಟ್ಟಿಲು ಹತ್ತುತ್ತಾರೆ. ಇವರಲ್ಲಿ ಬಹುಮಂದಿಯ ತಂದೆತಾಯಿಗಳು ಎರಡು ಮೂರು ಎಕರೆ ತೋಟವನ್ನು ನಂಬಿದವರು. ಇಲ್ಲವೆ ಇನ್ನೊಬ್ಬರ ಕಾಯಿ ಸುಲಿದು ಕೂಲಿ ಎಣಿಸಿಕೊಳ್ಳುವವರು. ಮನೆತನದಲ್ಲಿ ಕಾಲೇಜಿನ ಮುಖ ಕಂಡವರಲ್ಲಿ ಇವರೇ ಮೊದಲಿಗರು. ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಕನ್ನಡದಲ್ಲಿ ಓದಿ ಯಾರಿಗೂ ಕಡಮೆಯಿಲ್ಲದಂತೆ ಉತ್ತರ ಬರೆಯಬಲ್ಲ ಈ ಮಕ್ಕಳಲ್ಲಿ ಎಷ್ಟೋ ಮಂದಿ ಒಂದೇ ಒಂದು ವಿಷಯದ ಮುಂದೆ ಸೋತು ಕೂರುತ್ತಾರೆ. ಅದು ಇಂಗ್ಲಿಷ್.

ಇದಕ್ಕೆ ಮಕ್ಕಳ ಬುದ್ಧಿಯೇ ಕಾರಣವೆಂದು ದೊಡ್ಡವರು ತೀರ್ಪು ಕೊಡುತ್ತಾರೆ. ಈ ತೀರ್ಪು ಸುಳ್ಳೆಂದು ಸಾಧಿಸುವುದೇ ಈ ಲೇಖನದ ಉದ್ದೇಶ. ಬರೆಯುತ್ತಿರುವವನು ಹತ್ತನೆಯ ತರಗತಿ ಮುಗಿಸಿ, ಕೆಲಕಾಲ ಮಕ್ಕಳಿಗೆ ಪಾಠ ಹೇಳಿ, ಈಗ ಪಕ್ಷದ ಕೆಲಸಕ್ಕಾಗಿ ಊರೂರು ತಿರುಗುವವನು. ವಿಶ್ವವಿದ್ಯಾನಿಲಯದ ಬೋಧನಾಕ್ರಮವನ್ನು ಕುರಿತು ಮಾತನಾಡಲು ನಿನಗೇನು ಅಧಿಕಾರವೆಂದು ವಿದ್ವಾಂಸರು ಕೇಳಬಹುದು. ಅಡಿಗೆ ಬಾರದವನಿಗೂ ಸಾರಿಗೆ ಉಪ್ಪು ಹೆಚ್ಚಾದುದು ನಾಲಗೆಗೆ ತಿಳಿಯುತ್ತದೆ. ಆ ಸಾರನ್ನು ಉಣ್ಣುತ್ತಿರುವವರು ನಮ್ಮ ಮನೆಯ ಮಕ್ಕಳು.

ಪಾಠ ಹೇಗೆ ನಡೆಯುತ್ತದೆ ನೋಡಿ. ಎಪ್ಪತ್ತು ಎಂಬತ್ತು ಮಂದಿ ತುಂಬಿದ ಕೊಠಡಿ. ಇಂಗ್ಲಿಷ್ ಪಾಠವನ್ನು ಇಂಗ್ಲಿಷಿನಲ್ಲಿಯೇ ಹೇಳಬೇಕು, ಕನ್ನಡದ ಒಂದು ಮಾತೂ ಬರಕೂಡದು ಎಂಬುದು ಅಲ್ಲಿಯ ಮರ್ಯಾದೆ. ಕನ್ನಡದಲ್ಲಿ ಅರ್ಥ ಹೇಳಿದ ಉಪನ್ಯಾಸಕನನ್ನು ಇಂಗ್ಲಿಷ್ ಬಾರದವನೆಂದು ಹಿಂದಿನಿಂದ ನಗುತ್ತಾರೆ. ಆದುದರಿಂದ ಅವರು ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ವಿವರಿಸಿ, ಟಿಪ್ಪಣಿ ಬರೆಸಿ ಹೋಗುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಏನೂ ತಿಳಿಯದೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಾಳೆ. ಪರೀಕ್ಷೆ ಹತ್ತಿರ ಬಂದಾಗ ಅಂಗಡಿಯಿಂದ ಗೈಡು ಬರುತ್ತದೆ. ಅದರಲ್ಲಿ ಕನ್ನಡದ ಅರ್ಥವಿದೆ, ಸಾರಾಂಶವಿದೆ, ಬಾಯಿಪಾಠಕ್ಕೆ ಸಿದ್ಧವಾದ ಉತ್ತರವಿದೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಉರುಹೊಡೆಯುವವರೂ ಉಂಟು. ಮೇಷ್ಟರ ಬಾಯಲ್ಲಿ ಮೈಲಿಗೆಯಾದ ಕನ್ನಡ ಗೈಡಿನ ವ್ಯಾಪಾರಿಯ ಕೈಯಲ್ಲಿ ಮಾರಾಟದ ಸರಕಾಯಿತು. ಮೂರು ವರ್ಷ ಕಳೆದ ಮೇಲೆ ಪದವಿಯೇನೋ ಬರುತ್ತದೆ. ಬ್ಯಾಂಕಿನ ಸಾಲಪತ್ರದ ಒಂದು ಪುಟವನ್ನು ಓದಿ ತಿಳಿಯುವ ಶಕ್ತಿ ಬರುವುದಿಲ್ಲ.

ಈ ನಿಷೇಧವನ್ನು ಮಾಡಿದವರು ಯಾರು? ಯಾವ ವಿಜ್ಞಾನದಿಂದ ಬಂದಿತು ಇದು? ಮೊದಲು ಯುರೋಪಿನಲ್ಲಿ ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದ ಕ್ರಮವೊಂದಿತ್ತು. ವ್ಯಾಕರಣದ ಸೂತ್ರ ಉರುಹೊಡೆಸುವುದು, ವಾಕ್ಯಗಳನ್ನು ಭಾಷಾಂತರ ಮಾಡಿಸುವುದು. ಅದು ಒಣ ಪಾಠವೆಂದು ಬೇಸತ್ತವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೇರ ಪದ್ಧತಿಯನ್ನು ತಂದರು. ಕಲಿಯುವವನ ಭಾಷೆಯನ್ನು ದೂರವಿಟ್ಟು, ಕಲಿಸುವ ಭಾಷೆಯಲ್ಲಿಯೇ ಎಲ್ಲವನ್ನೂ ಹೇಳುವುದು ಇದರ ತಿರುಳು. ಇದನ್ನು ಹೆಸರುವಾಸಿ ಮಾಡಿದವನು ಬರ್ಲಿಟ್ಸ್. 1878ರಲ್ಲಿ ಅಮೆರಿಕದಲ್ಲಿ ಅವನ ಶಾಲೆ ಆರಂಭವಾಯಿತು. ಅಲ್ಲಿ ಹಣ ತೆತ್ತು ಕಲಿಯಲು ಬಂದವರ ಚಿಕ್ಕ ಚಿಕ್ಕ ಗುಂಪುಗಳು. ಕಲಿಸುವವರು ಆ ಭಾಷೆಯನ್ನೇ ಹುಟ್ಟುನುಡಿಯಾಗಿ ಆಡುವವರು. ಆ ಪದ್ಧತಿಯಿಂದ ಕೊಠಡಿಯೊಳಗಿನ ನಿಷೇಧವೊಂದನ್ನು ಮಾತ್ರ ನಾವು ಕಿತ್ತು ತಂದೆವು. ಚಿಕ್ಕ ಗುಂಪು ಬರಲಿಲ್ಲ, ಮಾತಿನ ಅಭ್ಯಾಸ ಬರಲಿಲ್ಲ. ನೀರಿನ ಅನುಕೂಲ ನೋಡದೆ ಸಸಿಯನ್ನು ಕಿತ್ತು ತಂದು ನೆಟ್ಟವನು ಗರಿ ಒಣಗಿದಾಗ ಸಸಿಯ ಜಾತಿಯನ್ನು ಬೈದರೆ ಯಾರು ಒಪ್ಪುತ್ತಾರೆ?

ಆ ಮೇಲೆ ಬಂದ ಪದ್ಧತಿಗಳದೂ ಇದೇ ಕಥೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಪರಭಾಷೆ ಆಡಬಲ್ಲವರು ತುರ್ತಾಗಿ ಬೇಕಾದರು. ಕೇಳಿಸಿ, ಮತ್ತೆ ಮತ್ತೆ ಹೇಳಿಸಿ ಕಲಿಸುವ ಕ್ರಮ ಬೆಳೆಯಿತು. ಎಪ್ಪತ್ತರ ದಶಕದಲ್ಲಿ ಯುರೋಪಿನ ದೇಶಗಳ ನಡುವೆ ದುಡಿಯಲು ಓಡಾಡುವ ಜನರಿಗಾಗಿ ಸಂವಹನ ಪದ್ಧತಿಯ ಪಠ್ಯಗಳು ಸಿದ್ಧವಾದವು. ಅವರವರ ಅಗತ್ಯಕ್ಕೆ ಅವರವರು ಪದ್ಧತಿ ಕಟ್ಟಿಕೊಂಡರು. ತುರುವೇಕೆರೆಯ ವಿದ್ಯಾರ್ಥಿನಿಗೆ ಏನು ಬೇಕೆಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಪರಾಧೀನ ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳಿದ ಒಬ್ಬ ಇಂಗ್ಲಿಷಿನವನಿದ್ದ. ಮೈಕೇಲ್ ವೆಸ್ಟ್ ಎಂದು ಅವನ ಹೆಸರು. ಬಂಗಾಳದಲ್ಲಿ ಶಿಕ್ಷಣಾಧಿಕಾರಿಯಾಗಿದ್ದು, 1926ರಲ್ಲಿ ಅಲ್ಲಿಯ ಭಾಷಾ ಸಮಸ್ಯೆಯನ್ನು ಕುರಿತು ಗ್ರಂಥ ಬರೆದ. ಬಂಗಾಳಿ ಹುಡುಗನಿಗೆ ಮೊದಲು ಬೇಕಾದುದು ಇಂಗ್ಲಿಷನ್ನು ಓದಿ ತಿಳಿಯುವ ಶಕ್ತಿ, ಮಾತು ಆಮೇಲಿನದು ಎಂಬುದು ಅವನ ವಾದ. ಅವನು ವಿಮೆಯ ವ್ಯವಹಾರದಿಂದ ಒಂದು ಮಾತನ್ನು ಎರವಲು ತಂದ: ಸರೆಂಡರ್ ವ್ಯಾಲ್ಯೂ. ಎಲ್.ಐ.ಸಿ. ಪಾಲಿಸಿಯನ್ನು ನಡುವೆ ಬಿಟ್ಟರೆ ಕೈಗೆಷ್ಟು ಬರುತ್ತದೆಂದು ನಮ್ಮ ರೈತರೂ ಲೆಕ್ಕ ಹಾಕುವುದುಂಟು. ಹಾಗೆಯೇ, ಓದನ್ನು ನಡುವೆ ಬಿಟ್ಟ ಹುಡುಗನ ಕೈಯಲ್ಲಿ ಎಷ್ಟು ಉಳಿಯಿತು ಎಂದು ಭಾಷೆಯ ಪಾಠವನ್ನೂ ಅಳೆಯಬೇಕೆಂದು ಅವನು ಹೇಳಿದ. ಈ ಅಳತೆಗೋಲಿನಿಂದ ನಮ್ಮ ಕಾಲೇಜಿನ ಪಾಠವನ್ನು ಅಳೆಯಿರಿ. ಎರಡನೆಯ ವರ್ಷದಲ್ಲಿ ಮದುವೆಯಾಗಿ ಓದು ನಿಂತ ಹುಡುಗಿಗೆ, ಅಪ್ಪ ಹಾಸಿಗೆ ಹಿಡಿದನೆಂದು ತೋಟಕ್ಕೆ ಮರಳಿದ ಹುಡುಗನಿಗೆ ಉಳಿದುದೆಷ್ಟು? ಯಾರೋ ಕವಿ ಡ್ಯಾಫೊಡಿಲ್ ಹೂವನ್ನು ಕಂಡು ಹಿಗ್ಗಿದನೆಂಬ ಒಂದು ಪುಟದ ಟಿಪ್ಪಣಿ. ಆ ಹೂವನ್ನು ಇವರು ಕಂಡಿಲ್ಲ. ಆ ಕವಿತೆಯ ಸವಿಯನ್ನೂ ಉಣ್ಣಲಿಲ್ಲ.

ಸ್ವತಂತ್ರ ಭಾರತದಲ್ಲಿ ವಿದ್ವತ್ತಿಗೆ ಬಡತನವಿರಲಿಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ಕೊಠಾರಿ ಆಯೋಗವು 1966ರ ವರದಿಯಲ್ಲಿ ಉನ್ನತ ಶಿಕ್ಷಣದಲ್ಲಿ ಇಂಗ್ಲಿಷ್ ಗ್ರಂಥಾಲಯದ ಭಾಷೆಯಾಗಿ ಇರಲೆಂದು ಹೇಳಿತು. ಎಂದರೆ ಬೇಕಾದ ಪುಸ್ತಕವನ್ನು ತೆಗೆದು ಓದಿ ಅರಿಯುವಷ್ಟು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದರಾಸು ಮೊದಲಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವನ್ನು ಬದಿಗಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂತಹವನ್ನು ಮುಂದಿಟ್ಟು, ತಲೆ ಓಡಿಸಿ ಉತ್ತರ ಹುಡುಕುವ ಕೆಲಸ ಕೊಟ್ಟು, ಕೆಲಸದ ನಡುವೆ ಭಾಷೆ ತಾನಾಗಿ ಬರಲೆಂದರು. ಲೋಕದ ಭಾಷಾಬೋಧಕರೆಲ್ಲ ಇದನ್ನು ಬೆಂಗಳೂರು ಪ್ರಯೋಗವೆಂದು ಕರೆದು ಚರ್ಚಿಸಿದರು. ಬೆಂಗಳೂರಿಗೂ ತಿಪಟೂರಿಗೂ ನಡುವೆ ನೇರ ರೈಲು ಹಾದಿಯಿದೆ. ಅದರ ವೇಳಾಪಟ್ಟಿಯನ್ನೇ ಪಾಠ ಮಾಡಬಹುದೆಂಬ ಆಲೋಚನೆ ಮಾತ್ರ ನಮ್ಮ ಕಾಲೇಜುಗಳ ಪಠ್ಯಕ್ಕೆ ಇಳಿಯಲಿಲ್ಲ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಪುಸ್ತಕ ಬದಲಾಯಿತು, ಅಂಕದ ಪಟ್ಟಿ ಬದಲಾಯಿತು. ಟಿಪ್ಪಣಿ ಬರೆಸುವ ಪಾಠ ಬದಲಾಗಲಿಲ್ಲ.

ಕನ್ನಡದ ನೆರವಿನಿಂದ ಇಂಗ್ಲಿಷ್ ಕಲಿಸುವುದು ಕೀಳು ಕ್ರಮವೆನ್ನುವವರಿಗೆ ಎರಡು ಉತ್ತರಗಳಿವೆ. 1967ರಲ್ಲಿ ಡಾಡ್ಸನ್ ಎಂಬ ವಿದ್ವಾಂಸ ವೇಲ್ಸ್ ನಾಡಿನಲ್ಲಿ ಪ್ರಯೋಗ ನಡೆಸಿ ದ್ವಿಭಾಷಾ ಪದ್ಧತಿಯನ್ನು ಪ್ರತಿಪಾದಿಸಿದ. ಅರ್ಥವನ್ನು ಮೇಷ್ಟರು ತಾಯಿನುಡಿಯಲ್ಲಿ ಥಟ್ಟನೆ ಹೇಳಿಬಿಡಬೇಕು. ಹಾಗೆ ಉಳಿದ ಹೊತ್ತನ್ನು ಪರಭಾಷೆಯ ಅಭ್ಯಾಸಕ್ಕೆ ಕೊಡಬೇಕು. ಇದು ಹಳೆಯ ಭಾಷಾಂತರದ ಪಾಠವಲ್ಲ, ಅಭ್ಯಾಸವೇ ಇದರ ಜೀವ.

ಎರಡನೆಯ ಉತ್ತರ ನಮ್ಮ ಮಣ್ಣಿನಲ್ಲಿಯೇ ಇದೆ. 1884ರಲ್ಲಿ ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಅವರು ಗಳಿಸಿದ ಕೀರ್ತಿ ಸಾಮಾನ್ಯವಾದುದಲ್ಲ. ಆ ಇಂಗ್ಲಿಷ್ ಮೇಷ್ಟರೇ 1911ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಇಂಗ್ಲಿಷ್ ಕವನಗಳನ್ನು ಕನ್ನಡಕ್ಕೆ ತಂದು 'ಇಂಗ್ಲಿಷ್ ಗೀತಗಳು' ಕೊಟ್ಟರು. ಎರಡು ಭಾಷೆಗಳನ್ನು ಎದುರೆದುರು ಕೂರಿಸಿದುದರಿಂದ ಅವರ ಇಂಗ್ಲಿಷ್ ಕೆಡಲಿಲ್ಲ, ಕನ್ನಡ ಬೆಳೆಯಿತು. ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದ ವಿ.ಕೃ. ಗೋಕಾಕರೇ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಪಟ್ಟ ಕೊಡಬೇಕೆಂದು ವರದಿ ಬರೆದರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಕನ್ನಡಕ್ಕೆ ಹೆದರಲಿಲ್ಲ.

ಇನ್ನು ಆಕ್ಷೇಪಣೆಗಳು. ಕನ್ನಡಕ್ಕೆ ಬಾಗಿಲು ತೆರೆದರೆ ಗಂಟೆಯೆಲ್ಲ ಕನ್ನಡವೇ ನಡೆದೀತು, ಇಂಗ್ಲಿಷ್ ಕಿವಿಗೇ ಬೀಳದೆಂಬ ಭಯ ನಿರಾಧಾರವಲ್ಲ. ಇಂಗ್ಲಿಷ್ ಪುಟವನ್ನು ಕನ್ನಡದಲ್ಲಿ ಕಥೆ ಹೇಳಿ ಮುಗಿಸುವ ಮೇಷ್ಟರೂ ಇದ್ದಾರೆ. ಆದರೆ ಇದಕ್ಕೆ ಮದ್ದು ಪರೀಕ್ಷೆಯಲ್ಲಿದೆ. ಹಿಂದೆ ಕಾಣದ ಇಂಗ್ಲಿಷ್ ಪುಟವೊಂದನ್ನು ಕೊಟ್ಟು, ತಿಳಿದಿದೆಯೇ ಇಲ್ಲವೇ ಎಂದು ಪರೀಕ್ಷಿಸಿದರೆ ಕಥೆ ಹೇಳುವ ಮೇಷ್ಟರೂ ನಡೆಯುವುದಿಲ್ಲ, ಗೈಡೂ ನಡೆಯುವುದಿಲ್ಲ. ನೌಕರಿಗೆ ಮಾತನಾಡುವ ಇಂಗ್ಲಿಷ್ ಬೇಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೇಕು. ಆದರೆ ಎಂಬತ್ತು ಮಂದಿಯ ಕೊಠಡಿಯಲ್ಲಿ ಒಂದು ಗಂಟೆಯನ್ನು ಹಂಚಿದರೆ ತಲೆಗೊಂದು ನಿಮಿಷವೂ ಬರುವುದಿಲ್ಲ. ಮಾತು ಕಲಿಸುವ ಮನಸ್ಸಿದ್ದರೆ ಮೊದಲು ಗುಂಪನ್ನು ಒಡೆಯಿರಿ.

ನಮ್ಮ ಕಡೆಯ ಗೆಳೆಯರೇ ಕೆಲವರು, ಲೋಹಿಯಾರವರ ಅಂಗ್ರೇಜಿ ಹಠಾವೊ ಚಳವಳಿಯನ್ನು ನೆನೆದು, ಸಮಾಜವಾದಿಗೆ ಇಂಗ್ಲಿಷಿನ ಗೊಡವೆಯೇಕೆ ಎನ್ನುತ್ತಾರೆ. ಲೋಹಿಯಾ ಹೊರದೂಡಲು ಹೇಳಿದುದು ಕಚೇರಿ, ನ್ಯಾಯಾಲಯ, ಶಾಸನಸಭೆಗಳಲ್ಲಿ ಜನರ ತಲೆಯ ಮೇಲೆ ಕುಳಿತ ಇಂಗ್ಲಿಷನ್ನು. ಅವರೇ 'ಮ್ಯಾನ್‌ಕೈಂಡ್' ಎಂಬ ಇಂಗ್ಲಿಷ್ ಮಾಸಿಕವನ್ನು ನಡೆಸಿದವರು. ಬರ್ಲಿನ್ನಿಗೆ ಓದಲು ಹೋದಾಗ, ತಮಗೆ ಇಂಗ್ಲಿಷ್ ಬಾರದೆಂದು ಪ್ರಾಧ್ಯಾಪಕ ಸೋಂಬಾರ್ಟ್ ಹೇಳಿದರೆಂದೂ, ಲೋಹಿಯಾ ಮೂರು ತಿಂಗಳಲ್ಲಿ ಜರ್ಮನ್ ಕಲಿತು ಹಿಂದಿರುಗಿದರೆಂದೂ ಹೇಳುವುದುಂಟು. ಪರಭಾಷೆಯನ್ನು ಸಲಕರಣೆಯಾಗಿ ಹಿಡಿದವನು ಅದಕ್ಕೆ ಗುಲಾಮನಾಗುವುದಿಲ್ಲ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಒಬ್ಬನನ್ನು ಕೀಳಾಗಿ ಕಾಣುವುದನ್ನು ನಾವು ವಿರೋಧಿಸುತ್ತೇವೆ. ಕಲಿಯಬಯಸುವ ಬಡವನಿಗೆ ಅದನ್ನು ಕಲಿಸದೆ ವಂಚಿಸುವುದನ್ನೂ ಅಷ್ಟೇ ವಿರೋಧಿಸಬೇಕು. ಹಣವಂತರ ಮಕ್ಕಳಿಗೆ ಕಾನ್ವೆಂಟಿದೆ. ನಮ್ಮವರಿಗಿರುವುದು ಸರ್ಕಾರಿ ಕಾಲೇಜಿನ ಈ ಒಂದು ಗಂಟೆ ಮಾತ್ರ.

ಆ ಗಂಟೆಯನ್ನು ನಡೆಸುವವರ ಪಾಡೇನು? ರಾಜ್ಯದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳು ನಿಂತಿರುವುದು ಹತ್ತು ಸಾವಿರಕ್ಕೂ ಮೀರಿದ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರು ಹೋರಾಡಿದ ಮೇಲೆ 2022ರ ಜನವರಿಯಲ್ಲಿ ಗೌರವಧನವೇನೋ ಏರಿತು. ಕೆಲಸದ ಭದ್ರತೆ ಬರಲಿಲ್ಲ. 2023ರ ಕೊನೆಯಲ್ಲಿ ಮತ್ತೆ ತರಗತಿ ಬಿಟ್ಟು ಬೀದಿಗೆ ಇಳಿಯಬೇಕಾಯಿತು. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿರುವೆನೋ ಇಲ್ಲವೋ ತಿಳಿಯದ ಮೇಷ್ಟರು ಹೊಸ ಪದ್ಧತಿಯನ್ನು ಯಾವ ಧೈರ್ಯದಿಂದ ಪ್ರಯೋಗಿಸಬೇಕು? ಟಿಪ್ಪಣಿ ಬರೆಸುವುದೇ ಅವರಿಗೆ ಕ್ಷೇಮ. ಅವರನ್ನು ಅತಿಥಿಗಳಾಗಿ ಇಟ್ಟಿರುವವರೆಗೆ ಯಾವ ಪದ್ಧತಿಯೂ ಬೇರು ಬಿಡುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ಇಂಗ್ಲಿಷ್ ತರಗತಿಯಲ್ಲಿ ಅರ್ಥ ಹೇಳಲು ಕನ್ನಡ ಬಳಸಬಹುದೆಂದು ತುಮಕೂರು ವಿಶ್ವವಿದ್ಯಾನಿಲಯ ಲಿಖಿತವಾಗಿ ಹೇಳಲಿ. ಮೇಷ್ಟರ ಅಂಜಿಕೆ ಹೋಗಲಿ. ಎರಡನೆಯದಾಗಿ, ಪ್ರಶ್ನೆಪತ್ರಿಕೆಯ ಅರ್ಧ ಭಾಗ ಕಾಣದ ಪುಟದ ಓದಿಗೆ ಮೀಸಲಾಗಲಿ, ನಿಘಂಟು ನೋಡಲು ಅಪ್ಪಣೆ ಇರಲಿ. ಮೂರನೆಯದಾಗಿ, ಮಾತಿನ ಅಭ್ಯಾಸಕ್ಕೆ ಮೂವತ್ತು ಮಂದಿಗೆ ಮೀರದ ಗುಂಪು ಆಗಲಿ. ನಾಲ್ಕನೆಯದಾಗಿ, ಖಾಲಿ ಹುದ್ದೆಗಳು ಖಾಯಂ ನೇಮಕದಿಂದ ತುಂಬಲಿ. ಐದನೆಯದಾಗಿ, ಪಠ್ಯದಲ್ಲಿ ಕವಿತೆಯ ಪಕ್ಕದಲ್ಲಿ ಈ ಸೀಮೆಯ ಬದುಕೂ ಬರಲಿ.

ಕೊನೆಯ ಬೇಡಿಕೆಯನ್ನು ನಗೆಯಾಡುವವರಿಗೆ ಒಂದು ಉದಾಹರಣೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಅದರ ಇಂಗ್ಲಿಷ್ ಪ್ರಕಟಣೆಯಲ್ಲಿ 'ಫೇರ್ ಆವರೇಜ್ ಕ್ವಾಲಿಟಿ' ಎಂಬ ಮಾತಿದೆ. ಫೇರ್ ಎಂದರೆ ಬೆಳ್ಳಗಿರುವುದು ಎಂದಷ್ಟೇ ಬಲ್ಲ ವಿದ್ಯಾರ್ಥಿಗೆ, ಇಲ್ಲಿ ಅದರ ಅರ್ಥ ತಕ್ಕಮಟ್ಟಿಗೆ ಒಳ್ಳೆಯದು ಎಂದು ಕನ್ನಡದಲ್ಲಿ ಒಂದು ನಿಮಿಷದಲ್ಲಿ ಹೇಳಬಹುದು. ಆ ಮೂರು ಪದಗಳ ಮೇಲೆಯೇ ಖರೀದಿ ಕೇಂದ್ರದಲ್ಲಿ ಅವನ ಅಪ್ಪನ ಮೂಟೆ ಒಳಗೆ ಹೋಗುವುದೋ ಹಿಂದಕ್ಕೆ ಬರುವುದೋ ನಿಂತಿದೆ. ಆ ಪುಟವನ್ನು ಓದಿ, ಕೇಂದ್ರದ ಅಧಿಕಾರಿಯ ಮುಂದೆ ನಿಂತು, ಇದರ ಅರ್ಥ ಇಂತಹುದು, ನಮ್ಮ ಕೊಬ್ಬರಿಯನ್ನು ಏಕೆ ತಳ್ಳುತ್ತೀರಿ ಎಂದು ಕೇಳಬಲ್ಲ ಪದವೀಧರ ನಮ್ಮ ಊರಿಗೆ ಬೇಕು. ವಿದ್ಯಾರ್ಥಿ ಮಿತ್ರರು ತಮ್ಮ ತಮ್ಮ ಕಾಲೇಜುಗಳಲ್ಲಿ ಈ ಐದು ಬೇಡಿಕೆಗಳಿಗೆ ಸಹಿ ಕೂಡಿಸಿ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಿ. ಉಪನ್ಯಾಸಕ ಬಂಧುಗಳು ಮೊದಲ ಸಹಿ ಹಾಕಲಿ.