ಸೈಕಲ್ ಚೈನಿನ ಒಳಗಿನ ಸವೆತ

ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೇ ಚೈನ್ ಬೀಳುವುದು. ಪೆಡಲ್ ಗಕ್ಕನೆ ಕೆಳಗಿಳಿಯುತ್ತದೆ, ಸರಿಮಾಡಲು ಹೋದರೆ ಕೈಯೆಲ್ಲ ಮಸಿ. ಚೈನ್ ಎಳೆದುಹೋಗಿದೆ ಎನ್ನುತ್ತಾರೆ ಶಾಪಿನವರು. ಉಕ್ಕಿನ ಸರಪಳಿ ರಬ್ಬರಿನ ಹಾಗೆ ಎಳೆದುಹೋಗುವುದು ಹೇಗೆ?

ಚೈನನ್ನು ಹತ್ತಿರದಿಂದ ನೋಡಿ. ಪಟ್ಟಿಗಳನ್ನು ಹಿಡಿದಿರುವುದು ಮೊಳೆಯಂಥ ಪಿನ್ನು. ಅದರ ಸುತ್ತ ಬುಷ್ ಎಂಬ ಪುಟ್ಟ ಕೊಳವೆ; ಕೆಲವು ಹೊಸ ಚೈನುಗಳಲ್ಲಿ ಒಳಪಟ್ಟಿಯ ಅಂಚೇ ಆ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಹೊರಗೆ ಸಲೀಸಾಗಿ ತಿರುಗುವ ರೋಲರ್, ಅಂದರೆ ಉರುಳೆ. ಹಲ್ಲುಚಕ್ರದ ಹಲ್ಲಿಗೆ ತಾಗುವುದು ಉರುಳೆಯಾದ್ದರಿಂದ ತಿಕ್ಕಾಟ ಕಡಿಮೆ. 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ ರೂಪಿಸಿದ ಏರ್ಪಾಡು ಇದು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಮೆಟ್ರಿಕ್ ಬಂದು ಎಷ್ಟೋ ಕಾಲವಾಯಿತು, ಈ ಅರ್ಧ ಇಂಚು ಮಾತ್ರ ಕದಲಿಲ್ಲ.

ಹಲ್ಲುಚಕ್ರವನ್ನು ಹತ್ತಿ ಇಳಿಯುವಾಗಲೆಲ್ಲ ಒಂದೊಂದು ಕೀಲೂ ಮಡಚಿ ಬಿಚ್ಚುತ್ತದೆ. ಆಗ ಒಳಗೆ ಪಿನ್ನು ಸವೆಯುತ್ತದೆ. ಒಂದು ಕೀಲಿನ ಸವೆತ ಕೂದಲೆಳೆಯಷ್ಟೇ ಇರಬಹುದು. ನೂರು ಕೀಲುಗಳದ್ದು ಸೇರಿದಾಗ ಚೈನ್ ಜೋತುಬೀಳುತ್ತದೆ. ಪಟ್ಟಿಗಳು ಮೊದಲಿದ್ದಷ್ಟೇ ಇರುತ್ತವೆ.

ಇದನ್ನು ಅಳೆಯಲು ಶಾಲೆಯ ಹನ್ನೆರಡಿಂಚಿನ ಸ್ಕೇಲು ಸಾಕು. ಕೆಳಗೆ ಪೆಡಲನ್ನು ಒತ್ತಿ ಚೈನನ್ನು ಬಿಗಿಯಾಗಿಸಿ, ಒಂದು ಪಿನ್ನಿನ ನಡುವೆ ಸೊನ್ನೆ ಇಡಿ. ಅಲ್ಲಿಂದ 24ನೇ ಪಿನ್ನು 12 ಇಂಚಿನ ಗೆರೆಯ ಮೇಲೇ ಇರಬೇಕು. ಒಂದೂವರೆ ಮಿಲಿಮೀಟರ್ ದಾಟಿದ್ದರೆ ಚೈನ್ ಬದಲಿಸುವ ಹೊತ್ತು. ಮೂರು ಮಿಲಿಮೀಟರ್ ದಾಟುವವರೆಗೂ ತಳ್ಳಿದರೆ ಫ್ರೀವೀಲಿನ, ಅಂದರೆ ಹಿಂದಿನ ಹಲ್ಲುಚಕ್ರದ ಹಲ್ಲುಗಳೂ ಹಾಳಾಗಿರುತ್ತವೆ. ಅವುಗಳ ಮೇಲೆ ಹೊಸ ಚೈನ್ ಹಾಕಿದರೆ ಅದು ಹಾರುತ್ತದೆ.

ಅಷ್ಟು ಸವೆದಿಲ್ಲ, ಬರೀ ಸಡಿಲ ಎಂದಾದರೆ ಹಿಂದಿನ ಗಾಲಿಯನ್ನು ಹಿಂದಕ್ಕೆ ಸರಿಸಬೇಕು. ಗೇರಿಲ್ಲದ ಸೈಕಲ್ಲಿನ ಮಾತು ಇದು. ಗೇರಿನದರಲ್ಲಿ ಸ್ಪ್ರಿಂಗೇ ಬಿಗಿ ಕಾಯುತ್ತದೆ. ಎರಡೂ ಕಡೆಯ ನಟ್ ಸಡಿಲಿಸಿ, ಗಾಲಿ ಎಳೆದು, ಅದು ಫ್ರೇಮಿನ ನಟ್ಟನಡುವೆ ನಿಂತಿದೆಯೇ ನೋಡಿ, ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಚೈನಿನ ಮಧ್ಯವನ್ನು ಬೆರಳಿಂದ ಎತ್ತಿ ಇಳಿಸಿದಾಗ ಅರ್ಧ ಇಂಚಿನಷ್ಟು ಆಡಬೇಕು. ಪೆಡಲನ್ನು ಒಂದು ಸುತ್ತು ತಿರುಗಿಸಿ, ಎಲ್ಲಿ ಅತಿ ಬಿಗಿಯೋ ಅಲ್ಲಿ ನೋಡಬೇಕು. ಏಕೆಂದರೆ ಹಲ್ಲುಚಕ್ರ ನಾವು ಅಂದುಕೊಂಡಷ್ಟು ಗುಂಡಗಿರುವುದಿಲ್ಲ. ತಂತಿಯಂತೆ ಬಿಗಿದರೆ ಬೇರಿಂಗಿಗೆ ಏಟು, ತುಳಿಯಲೂ ಭಾರ. ಗಾಲಿ ಸರಿದಿರುವುದರಿಂದ ಬ್ರೇಕನ್ನೂ ಒಮ್ಮೆ ನೋಡಿಕೊಳ್ಳಿ.

ಎಣ್ಣೆಯ ವಿಷಯದಲ್ಲಿ ನಮ್ಮದು ಧಾರಾಳ ಕೈ. ಬೇಕಾದದ್ದು ಪಿನ್ನಿನ ಸಂದಿಗೆ. ನಾವು ಸುರಿಯುವುದು ಮೈಮೇಲೆ. ಹೊರಗೆ ಉಳಿದ ಎಣ್ಣೆಗೆ ಧೂಳು ಅಂಟಿ, ಉಕ್ಕನ್ನೇ ಅರೆಯುವ ಕೆಸರಾಗುತ್ತದೆ. ಮೊದಲು ಸೀಮೆಎಣ್ಣೆ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ. ಒಂದೊಂದು ಉರುಳೆಗೂ ಒಂದೇ ತೊಟ್ಟು ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಹಳೇ ಬನಿಯನ್ನಿನಿಂದ ಹೊರಗಿನದನ್ನೆಲ್ಲ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ನಮ್ಮ ರಾಜ್ಯದಲ್ಲಿ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಎಷ್ಟೋ ಮಕ್ಕಳ ಕೈಗೆ ಸೈಕಲ್ ಬಂತು. ಸೈಕಲ್ ಕೊಡುವ ಯಾವುದೇ ಯೋಜನೆ ಒಂದು ಸ್ಪ್ಯಾನರನ್ನೂ ಅರ್ಧ ಗಂಟೆಯ ಪಾಠವನ್ನೂ ಸೇರಿಸಿಕೊಂಡರೆ ಚೆನ್ನ ಎಂದು ನನ್ನ ಅನಿಸಿಕೆ. ಸ್ಕೇಲು ಹೇಗೂ ಮಕ್ಕಳ ಬ್ಯಾಗಿನಲ್ಲೇ ಇರುತ್ತದೆ.