ಕಣ್ಣಿಗೆ ಒಂದೇ ಮಚ್ಚೆ, ಸೂಕ್ಷ್ಮದರ್ಶಕಕ್ಕೆ ನಾಲ್ಕು

ಹಾನಗಲ್ ತಾಲ್ಲೂಕಿನ ಯಾವುದೋ ಒಂದು ಹಳ್ಳಿ. ಹಿರೇಕೆರೂರು ಕಡೆಯಿಂದ ಕನ್ಯಾ ನೋಡಲು ಬಂದಿದ್ದಾರೆ. ಅವಲಕ್ಕಿ, ಚಹಾ ಆಗಿದೆ. ಜಾತಕ ಕೂಡಿದೆ, ಮಾತೂ ಕೂಡಿ ಬರುತ್ತಿದೆ. ಹುಡುಗಿ ಕಪ್ಪು-ಬಸಿ ಎತ್ತಿಕೊಳ್ಳಲು ಬಾಗುತ್ತಾಳೆ. ಮೊಣಕೈ ಮೇಲೆ ನಾಲ್ಕಾಣೆ ಅಗಲದ ಒಂದು ಬಿಳಿ ಮಚ್ಚೆ. ವರನ ಸೋದರತ್ತೆಯ ಕಣ್ಣು ಅಲ್ಲೇ ನಿಲ್ಲುತ್ತದೆ. ‘ಊರಿಗೆ ಹೋಗಿ ತಿಳಸ್ತೀವ್ರಿ’ ಎಂದು ಎದ್ದು ಹೋದವರಿಂದ ಮತ್ತೆ ಸುದ್ದಿಯಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು – 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಇಂಥ ಮಾತು ಕೇಳದವರು ಕಡಿಮೆ. ಬೇರೆ ಜಿಲ್ಲೆಗಳೂ ಇದಕ್ಕೆ ಹೊರತಲ್ಲ. ಬಿಳಿ ಮಚ್ಚೆ ಎಂದರೆ ತೊನ್ನು. ತೊನ್ನು ಎಂದರೆ ಕುಷ್ಠದ ಒಂದು ಜಾತಿ. ಕುಷ್ಠ ಎಂದರೆ ಮುಟ್ಟಬಾರದ ರೋಗ. ಹೀಗೆ ಒಂದು ತಪ್ಪು ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡಿದೆ. ತೊನ್ನಿಗೆ ‘ಶ್ವೇತಕುಷ್ಠ’ ಎಂಬ ಹೆಸರು ಬಿದ್ದದ್ದೂ ಈ ಗೊಂದಲವನ್ನು ಹೆಚ್ಚಿಸಿದೆ. ಆದರೆ ಚರ್ಮದ ಒಂದು ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಈ ಸರಪಳಿ ಉಳಿಯುವುದಿಲ್ಲ. ಅಲ್ಲಿ ಏನು ಕಾಣುತ್ತದೆ ಎಂಬುದನ್ನು ಗುರುತಿಸಲು ಕಲಿತಿರಬೇಕು, ಅಷ್ಟೆ.

ಮೊದಲು ಆ ತುಣುಕು ಗಾಜಿನ ಸ್ಲೈಡಿನ ಮೇಲೆ ಬರುವ ಬಗೆ. ವೈದ್ಯರು ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಜೋಳದ ಕಾಳಿನಷ್ಟು ಚರ್ಮ ತೆಗೆಯುತ್ತಾರೆ. ಅದನ್ನು ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಆಮೇಲೆ ಆಲ್ಕೋಹಾಲ್‌ನಿಂದ ನೀರಿನಂಶ ತೆಗೆದು, ಆ ಜಾಗದಲ್ಲಿ ಮೇಣ ತುಂಬುತ್ತಾರೆ. ಮೇಣದ ಆ ಗಟ್ಟಿಯನ್ನು ಮೈಕ್ರೊಟೋಮ್ ಎಂಬ ಯಂತ್ರದಲ್ಲಿ 4-5 ಮೈಕ್ರಾನ್ ದಪ್ಪದ ಎಸಳುಗಳಾಗಿ ಕೊಯ್ಯುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಒಂದು ತಲೆಗೂದಲನ್ನು ಉದ್ದಕ್ಕೆ ಹತ್ತು ಹದಿನೈದು ಸೀಳು ಮಾಡಿದರೆ ಎಷ್ಟು ತೆಳುವಾದೀತೋ ಅಷ್ಟು. ಇಷ್ಟು ತೆಳು ಎಸಳಿಗೆ ಬಣ್ಣವೇ ಇರುವುದಿಲ್ಲವಾದ್ದರಿಂದ ಬಣ್ಣ ಹಾಕಬೇಕು. ಸಾಮಾನ್ಯವಾಗಿ ಎರಡು ಬಣ್ಣ. ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬಂದ ಹಿಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆಯಾಗಿಸುತ್ತದೆ. ಇಯೊಸಿನ್ ಉಳಿದದ್ದನ್ನು ಗುಲಾಬಿಯಾಗಿಸುತ್ತದೆ.

ಶಾಲೆಯ ಪಾಠದಲ್ಲಿ ನಾಲ್ಕು ಬಗೆಯ ಅಂಗಾಂಶಗಳನ್ನು ಹೇಳಿಕೊಡುತ್ತಾರೆ: ಅನುಲೇಪಕ, ಸಂಯೋಜಕ, ಸ್ನಾಯು ಮತ್ತು ನರ. ನಾಲ್ಕಕ್ಕೂ ಬೇರೆ ಬೇರೆ ಸ್ಲೈಡು ಹುಡುಕಬೇಕಾಗಿಲ್ಲ, ಚರ್ಮದ ಒಂದೇ ಎಸಳಿನಲ್ಲಿ ನಾಲ್ಕೂ ಇವೆ. ಗುರುತಿಸುವ ಉಪಾಯವೂ ಕಷ್ಟದ್ದಲ್ಲ. ಒಂದು ಅಂಚು ಬಯಲಿಗೆ ತೆರೆದು, ಕೋಶಗಳು ಸಂದಿಲ್ಲದಂತೆ ಒತ್ತಾಗಿ ಕುಳಿತಿದ್ದರೆ ಅದು ಅನುಲೇಪಕ. ಚರ್ಮದಲ್ಲಿ ಅದೇ ಹೊರಚರ್ಮ. ಅದರ ಕೆಳಗೆ ಗುಲಾಬಿ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡು, ನಡುನಡುವೆ ಅಲ್ಲೊಂದು ಇಲ್ಲೊಂದು ಕೋಶವಿದ್ದರೆ ಅದು ಸಂಯೋಜಕ, ಎಂದರೆ ಒಳಚರ್ಮ. ರೋಮದ ಬುಡಕ್ಕೆ ಓರೆಯಾಗಿ ಕಟ್ಟಿದ ಹಗ್ಗದಂತೆ ಕಾಣುವುದು ಸ್ನಾಯು. ಚಳಿಗೆ ಮೈ ಮೇಲಿನ ಕೂದಲು ನಿಮಿರುವುದು ಅದು ಎಳೆಯುವುದರಿಂದ. ಹರಿಯುವ ನೀರಿನಂತೆ ಬಳುಕಿದ ಎಳೆಗಳ ಕಟ್ಟು ಕಂಡರೆ ಅದು ನರ.

ಇನ್ನು ಚಿಕ್ಕಪುಟ್ಟ ರಚನೆಗಳು. ಬೆವರುಗ್ರಂಥಿ ಸುರುಳಿ ಸುತ್ತಿದ ಕೊಳವೆ. ಎಸಳು ಕೊಯ್ಯುವಾಗ ಆ ಕೊಳವೆ ಹಲವು ಕಡೆ ತುಂಡಾಗುವುದರಿಂದ ಗುಂಪುಗುಂಪಾದ ಬಳೆಗಳಂತೆ ಕಾಣುತ್ತದೆ. ತೈಲಗ್ರಂಥಿ ರೋಮಕ್ಕೆ ಜೋತುಬಿದ್ದ ನೊರೆಯಂಥ ಗೊಂಚಲು. ಕೊಬ್ಬಿನ ಕೋಶಗಳು ಬರಿದಾದ ಜೇನುಹುಟ್ಟಿನಂತೆ ತೋರುತ್ತವೆ. ಸ್ಲೈಡು ಸಿದ್ಧಪಡಿಸುವಾಗ ಕೊಬ್ಬು ಕರಗಿಹೋಗಿರುತ್ತದೆ. ಅಂಗೈ, ಅಂಗಾಲಿನ ಆಳದಲ್ಲಿ ಹೆಚ್ಚಿದ ಉಳ್ಳಾಗಡ್ಡಿಯಂತೆ ಪದರು ಪದರಾದ ಒಂದು ಗುಂಡು ಕಂಡರೆ ಅದು ಒತ್ತಡವನ್ನೂ ಅದುರುವಿಕೆಯನ್ನೂ ಅರಿಯುವ ಪಾಸಿನಿಯನ್ ಕಣ. ಕಪ್ಪು ಅಂಚಿನ ಚೊಕ್ಕ ವೃತ್ತವೊಂದನ್ನು ನೋಡಿ ವಿದ್ಯಾರ್ಥಿಗಳು ಹೊಸ ಕೋಶ ಸಿಕ್ಕಿತೆಂದು ಹಿಗ್ಗುವುದುಂಟು. ಅದು ಗಾಳಿಗುಳ್ಳೆ!

ಚರ್ಮ ದೇಹದ ಯಾವ ಭಾಗದ್ದು ಎಂದೂ ಹೇಳಬಹುದು. ಹಾನಗಲ್ಲಿನ ಗದ್ದೆಯಲ್ಲಿ ಕುಡುಗೋಲು ಹಿಡಿದ ಅಂಗೈ, ಹಿರೇಕೆರೂರಿನಲ್ಲಿ ಹತ್ತಿ ಬಿಡಿಸಿದ ಬೆರಳು, ಸವಣೂರಿನ ತೋಟದಲ್ಲಿ ವೀಳ್ಯದೆಲೆ ಕೊಯ್ದ ಹೆಬ್ಬೆರಳು – ಇವುಗಳ ಮೇಲ್ಪದರ ಹಳೇ ಲೆಕ್ಕದ ಪುಸ್ತಕದ ಹಾಳೆಗಳಂತೆ ದಪ್ಪವಾಗಿ ಅಡಕಿಕೊಂಡಿರುತ್ತದೆ. ಅವು ಸತ್ತ ಕೋಶಗಳು, ಕೇಂದ್ರವಿರುವುದಿಲ್ಲ. ತಿಕ್ಕಾಟ ಹೆಚ್ಚಿದಷ್ಟೂ ಆ ಪದರ ದಪ್ಪವಾಗುತ್ತದೆ. ಅಂಗೈಯಲ್ಲಿ ರೋಮವಿಲ್ಲ, ತೈಲಗ್ರಂಥಿಯೂ ಇಲ್ಲ. ಹೊರಚರ್ಮವಷ್ಟನ್ನೇ ಅಳೆದರೆ ಕಣ್ಣಿನ ರೆಪ್ಪೆಯಲ್ಲಿ ಸುಮಾರು 0.05 ಮಿಲಿಮೀಟರ್, ಅಂಗೈ ಅಂಗಾಲಿನಲ್ಲಿ ಸುಮಾರು 1.5 ಮಿಲಿಮೀಟರ್.

ಈಗ ಮಚ್ಚೆಯ ವಿಷಯಕ್ಕೆ ಬೇಕಾದ ಕೋಶ. ಹೊರಚರ್ಮದ ತೀರ ಕೆಳಗಿನ ಸಾಲಿನಲ್ಲಿ ಸುಮಾರು ಹತ್ತು ಕೋಶಕ್ಕೆ ಒಂದರಂತೆ, ಸುತ್ತ ತುಸು ತಿಳಿಯಾಗಿ ಕಾಣುವ ಕೋಶಗಳಿವೆ. ಇವು ಮೆಲನೊಸೈಟ್, ಅಂದರೆ ಬಣ್ಣ ತಯಾರಿಸುವ ಕೋಶಗಳು. ತಾವು ತಯಾರಿಸಿದ ಮೆಲನಿನ್ ಬಣ್ಣವನ್ನು ಕೈಚಾಚಿ ನೆರೆಯ ಕೋಶಗಳಿಗೆ ಹಂಚುತ್ತವೆ. ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಬಣ್ಣದ ಕಣಗಳ ಪ್ರಮಾಣ, ಗಾತ್ರ ಮತ್ತು ಹಂಚಿಕೆಯಲ್ಲಿ ಮಾತ್ರ.

ಇದೇ ಹೊರಚರ್ಮದಲ್ಲಿ ಇನ್ನೊಂದು ಬಗೆಯ ಕವಲೊಡೆದ ಕೋಶವೂ ಇದೆ. 1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪೌಲ್ ಲಾಂಗರ್‌ಹಾನ್ಸ್ ಚಿನ್ನದ ಲವಣ ಬಳಸಿ ಅದನ್ನು ಕಂಡ. ಆಕಾರ ನೋಡಿ ನರಕೋಶವೆಂದು ಭಾವಿಸಿದ. ಅದು ರೋಗನಿರೋಧಕ ಪಡೆಯ ಕಾವಲು ಕೋಶ ಎಂದು ಖಚಿತವಾಗಲು ನೂರು ವರ್ಷಕ್ಕೂ ಮೇಲೆ ಬೇಕಾಯಿತು. ಸರಿಯಾಗಿ ನೋಡಿದವನೂ ಗುರುತಿಸುವುದರಲ್ಲಿ ತಪ್ಪಬಹುದು. ಹಾಗಿರುವಾಗ ಜಗಲಿಯ ಮೇಲೆ ಕುಳಿತು, ಸೆರಗಿನ ಮರೆಯಿಂದ ಒಂದು ಕ್ಷಣ ನೋಡಿ ಕೊಟ್ಟ ತೀರ್ಪಿಗೆ ಎಷ್ಟು ಬೆಲೆ?

ಬಿಳಿ ಮಚ್ಚೆಯಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕು ಬಗೆಗಳನ್ನು ನೋಡೋಣ.

ಮೊದಲನೆಯದು ಸಿಬ್ಬು. ಎದೆ, ಬೆನ್ನು, ಕುತ್ತಿಗೆಯ ಮೇಲೆ, ಬೆವರುವ ಕಾಲದಲ್ಲಿ ಹೆಚ್ಚು. ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಇದಕ್ಕೆ ಚರ್ಮ ಕೊಯ್ಯುವುದೂ ಬೇಡ. ಹೊಟ್ಟನ್ನು ಕೆರೆದು ಸ್ಲೈಡಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿದರೆ, ಶ್ಯಾವಿಗೆ ತುಣುಕುಗಳ ನಡುವೆ ಸಾಸಿವೆ ಚೆಲ್ಲಿದಂತೆ ಶಿಲೀಂಧ್ರ ಕಾಣುತ್ತದೆ. ಮುಲಾಮಿಗೆ ಬಗ್ಗುವ ರೋಗ. ಬಣ್ಣ ಮರಳಲು ಮಾತ್ರ ಕೆಲವು ವಾರ, ತಿಂಗಳು ಹಿಡಿಯುತ್ತದೆ.

ಎರಡನೆಯದು ಮಕ್ಕಳ ಕೆನ್ನೆಯ ಮೇಲಿನ ಮಸುಕು ಮಚ್ಚೆ. ‘ಜಂತುಹುಳ ಆಗ್ಯಾವ’ ಎಂದು ಔಷಧಿ ಕುಡಿಸುತ್ತಾರೆ. ಇದು ಒಣಚರ್ಮದ ಸೌಮ್ಯ ಉರಿಯೂತ. ಬಣ್ಣದ ಕೋಶಗಳು ಇವೆ, ಬಣ್ಣ ಕಡಿಮೆಯಾಗಿದೆ. ವಯಸ್ಸಿಗೆ ಬಂದಂತೆ ತಾನೇ ಹೋಗುತ್ತದೆ.

ಮೂರನೆಯದು ತೊನ್ನು. ಹಾಲಿನಂತೆ ಬಿಳುಪು, ಅಂಚು ಸ್ಪಷ್ಟ. ಮುಟ್ಟಿದರೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಸ್ಲೈಡಿನಲ್ಲಿ ಹೊರಚರ್ಮ ಇದೆ, ಒಳಚರ್ಮ ಇದೆ, ನರ, ಬೆವರುಗ್ರಂಥಿ ಎಲ್ಲ ಇದ್ದಲ್ಲೇ ಇವೆ. ಕೆಳಸಾಲಿನಲ್ಲಿ ಹತ್ತಕ್ಕೊಂದರಂತೆ ಇರಬೇಕಾದ ಬಣ್ಣದ ಕೋಶ ಮಾತ್ರ ಇಲ್ಲ. ವಿಶೇಷ ಬಣ್ಣ ಹಾಕಿ ಹುಡುಕಿದರೂ ಸಿಗುವುದಿಲ್ಲ. ದೇಹದ ರೋಗನಿರೋಧಕ ಪಡೆಯೇ ತಪ್ಪಾಗಿ ಅವುಗಳ ಮೇಲೆ ಬಿದ್ದು ನಾಶ ಮಾಡಿದೆ. ರೋಗಾಣುವೇ ಇಲ್ಲದ ಮೇಲೆ ಅಂಟುವ ಮಾತೆಲ್ಲಿ? ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ಹತ್ತಿರದ ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ ತುಸು ಹೆಚ್ಚು ಎಂಬುದು ನಿಜ. ಆದರೆ ತೊನ್ನು ಇದ್ದವರ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಅದು ಬರುವುದಿಲ್ಲ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಚಿಕಿತ್ಸೆಯಿಂದ ಬಣ್ಣ ಮರಳುವಾಗ ಮಚ್ಚೆಯ ನಡುವೆ ಎಳ್ಳಿನಂಥ ಕಪ್ಪು ಚುಕ್ಕೆಗಳು ಮೂಡುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ರೋಮದ ಸುತ್ತ. ರೋಮದ ಬುಡದಲ್ಲಿ ಬಣ್ಣದ ಕೋಶಗಳ ಬೀಜ ಉಳಿದಿರುತ್ತದೆ. ಅಲ್ಲಿಂದ ಅವು ಮೇಲಕ್ಕೆ ಹತ್ತಿ ಹರಡುತ್ತವೆ. ರೋಮವಿಲ್ಲದ ಬೆರಳ ತುದಿ, ತುಟಿಗಳಲ್ಲಿ ಬಣ್ಣ ಸುಲಭವಾಗಿ ಮರಳದಿರುವುದಕ್ಕೆ ಕಾರಣವೂ ಇದೇ.

ನಾಲ್ಕನೆಯದು ಕುಷ್ಠ. ಇದರ ಮಚ್ಚೆ ಹಾಲುಬಿಳುಪಲ್ಲ. ಮಸುಕು, ಕೆಲವೊಮ್ಮೆ ಕೆಂಪು ಅಥವಾ ತಾಮ್ರದ ಬಣ್ಣ. ಅನೇಕ ವೇಳೆ ಅಲ್ಲಿ ಸ್ಪರ್ಶಜ್ಞಾನ ಇರುವುದಿಲ್ಲ. ಸ್ಲೈಡು ನೋಡಿದರೆ ಕಾರಣ ತಿಳಿಯುತ್ತದೆ: ಬಳುಕುವ ನರದ ಕಟ್ಟನ್ನೇ ರಕ್ಷಕ ಕೋಶಗಳ ಗುಂಪು ಮುತ್ತಿಕೊಂಡಿರುತ್ತದೆ. ಕೈಕಾಲು ಊನವಾಗುವುದಕ್ಕೂ ಇಲ್ಲಿಂದಲೇ ದಾರಿ. ಬಿಸಿ ತವೆ ಮುಟ್ಟಿದ್ದು, ಮುಳ್ಳು ತುಳಿದದ್ದು ತಿಳಿಯದೆ ಗಾಯ ಬೆಳೆಯುತ್ತದೆ. ನಾರ್ವೆಯ ಬರ್ಗೆನ್‌ನಲ್ಲಿ ಆರ್ಮಾವರ್ ಹಾನ್ಸೆನ್ 1873ರಲ್ಲಿ ಇದರ ರೋಗಾಣುವನ್ನು ಕಂಡ. ಈ ರೋಗಾಣುವಿಗೆ ತಂಪು ಜಾಗ ಇಷ್ಟ. ಆದ್ದರಿಂದ ಕಿವಿಯ ಹಾಲೆಯಲ್ಲಿ ಸಣ್ಣ ಗೀರು ಮಾಡಿ ರಸ ತೆಗೆದು, ಬಣ್ಣ ಹಾಕಿ ನೋಡುತ್ತಾರೆ. ರೋಗ ಹೆಚ್ಚಾಗಿದ್ದರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಬೀಡಿಕಟ್ಟಿನಂತೆ ಕಾಣುತ್ತವೆ. ಆದರೆ ಒಂದೆರಡೇ ಮಚ್ಚೆಯಿರುವ ಬಗೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಆಗ ಸ್ಪರ್ಶ ಪರೀಕ್ಷೆ ಮತ್ತು ನರದ ಸ್ಥಿತಿಯೇ ಸಾಕ್ಷಿ. ಸ್ಲೈಡಿನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ.

ಕುಷ್ಠಕ್ಕೂ ಈಗ ಹೆದರಬೇಕಾದುದಿಲ್ಲ. ಬಹುಪಾಲು ಜನರ ದೇಹ ಈ ರೋಗಾಣುವನ್ನು ತಾನೇ ಹತ್ತಿಕ್ಕುತ್ತದೆ. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ 6ರಿಂದ 12 ತಿಂಗಳಲ್ಲಿ ರೋಗ ವಾಸಿಯಾಗುತ್ತದೆ, ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೇಗ ಗುರುತಿಸಿದರೆ ಊನವೂ ಆಗುವುದಿಲ್ಲ. ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೇಳಲು ಅವಕಾಶವಿದ್ದ ಕಾನೂನನ್ನು 2019ರಲ್ಲಿ ತಿದ್ದಲಾಗಿದೆ. ಕಾನೂನು ಬದಲಾಗಿದೆ, ಜಗಲಿಯ ಮಾತು ಇನ್ನೂ ಬದಲಾಗಬೇಕು. ಮಚ್ಚೆಯನ್ನು ಮುಚ್ಚಿಟ್ಟವರಿಗೆ ಆಗುವ ನಷ್ಟ ಬರೀ ಮದುವೆಯದಲ್ಲ. ನಾಚಿಕೆಯಿಂದ ತುಂಬುತೋಳಿನ ಕುಪ್ಪಸ ತೊಟ್ಟು ಎರಡು ವರ್ಷ ಕಳೆದರೆ, ಅದು ನಿಜಕ್ಕೂ ಕುಷ್ಠವಾಗಿದ್ದಲ್ಲಿ ಆ ಎರಡು ವರ್ಷದಲ್ಲಿ ನರ ಸಾಯುತ್ತದೆ. ಸತ್ತ ನರವನ್ನು ಯಾವ ಮಾತ್ರೆಯೂ ಎಬ್ಬಿಸಲಾರದು.

ಎಲ್ಲ ಮಚ್ಚೆಗೂ ಚರ್ಮ ಕೊಯ್ಯಬೇಕಾಗಿಲ್ಲ. ತಿಳಿದ ವೈದ್ಯರು ಕಣ್ಣಿನಿಂದ, ಹತ್ತಿಯ ಎಳೆ ಮುಟ್ಟಿಸಿ, ವಿಶೇಷ ದೀಪ ಹಿಡಿದು ಬಹಳಷ್ಟನ್ನು ಹೇಳಬಲ್ಲರು. ಅನುಮಾನ ಉಳಿದಾಗ ಸೂಕ್ಷ್ಮದರ್ಶಕ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ, ಬೇಕಾದಲ್ಲಿ ಅವರೇ ತಾಲ್ಲೂಕು ಆಸ್ಪತ್ರೆಗೋ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೋ ಚೀಟಿ ಬರೆದುಕೊಡುತ್ತಾರೆ. ಮನೆಯಲ್ಲಿ ಸೂಜಿ ಚುಚ್ಚಿ, ಬಿಸಿ ತಾಗಿಸಿ ಪರೀಕ್ಷಿಸಲು ಮಾತ್ರ ಹೋಗಬೇಡಿ. ಸುಡುವ ಗಿಡದ ರಸ ಹಚ್ಚುವುದೂ ಬೇಡ. ಸುಟ್ಟ ಗಾಯ ಮಾಯ್ದ ಮೇಲೆ ಅಲ್ಲೂ ಬಣ್ಣ ಹೋಗಬಹುದು.

ಆ ಹಾನಗಲ್ ಕಡೆಯ ಹುಡುಗಿಯ ಮೊಣಕೈಯ ಮೇಲಿದ್ದುದು ಏನು? ಸಿಬ್ಬೋ, ತೊನ್ನೋ, ಕುಷ್ಠವೋ? ನೋಡಿದ ಸೋದರತ್ತೆಗೆ ಗೊತ್ತಿಲ್ಲ, ಎದ್ದು ಹೋದ ಬೀಗರಿಗೂ ಗೊತ್ತಿಲ್ಲ, ಬಹುಶಃ ಹುಡುಗಿಗೂ ಗೊತ್ತಿಲ್ಲ. ಮೊದಲ ಕೆಲಸ ಅದನ್ನು ತಿಳಿಯುವುದು. ತೊನ್ನೆಂದೇ ತಿಳಿದರೂ, ಅವಳಿಗಿರುವ ಕೊರತೆ ಚರ್ಮದ ಒಂದು ಸಾಲಿನಲ್ಲಿ ಹತ್ತಕ್ಕೊಂದು ಕೋಶದ್ದು. ಉಳಿದ ಒಂಬತ್ತೂ ಸರಿಯಾಗಿಯೇ ಇವೆ.